ಕಲ್ಲಾದ ಕಾಡಿಗೆ ಕಾವಲುಂಟು, ಬದುಕಿರುವ ತೋಪಿಗೆ?

ಕೆಲವು ತಿಂಗಳುಗಳ ಹಿಂದೆ ನಮ್ಮ ಭಾಗದ ಪ್ರವಾಸಿ ತಾಣಗಳ ಪಟ್ಟಿಯನ್ನು ಸಿದ್ಧಪಡಿಸಲು ಒಂದು ಸಭೆ ಸೇರಿತ್ತು. ಜಲಪಾತ, ಶಿಖರ, ಹಳೆಯ ದೇಗುಲ ಎಂದು ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡಾದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಅಡಿಕೆ ತೋಟ ಈ ಪಟ್ಟಿಯಲ್ಲಿ ಬೇಡವೇ ಸರ್?" ಎಂದು ಕೇಳಿದಳು. ಕೆಲವರು ನಕ್ಕರು. ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ನನಗೆ ಮಾತ್ರ ಆ ಹೊತ್ತಿನಲ್ಲಿ ನೆನಪಾದದ್ದು ಬಹುದೂರದ ಒಂದು ದ್ವೀಪ, ಗ್ರೀಸ್ ದೇಶದ ಲೆಸ್ವೋಸ್. ಆಲಿವ್ ಬೇಸಾಯವನ್ನು ನೋಡುವ ಸಲುವಾಗಿ ಒಂದು ನವೆಂಬರ್ ತಿಂಗಳಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಆ ಹುಡುಗಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರೀಸಿನ ದ್ವೀಪವೆಂದರೆ ಕ್ಯಾಲೆಂಡರಿನಲ್ಲಿ ಕಾಣುವ ಬಿಳಿ ಮನೆ, ನೀಲಿ ಗುಮ್ಮಟಗಳು ಕಣ್ಣ ಮುಂದೆ ಬರುತ್ತವೆ. ಆ ಚಿತ್ರ ಸಾಂಟೊರಿನಿಯದು. ಲೆಸ್ವೋಸ್ ಹಾಗಿಲ್ಲ. ನಮ್ಮ ಭೂಪಟಗಳಲ್ಲಿ ಲೆಸ್ಬಾಸ್ ಎಂದು ಬರೆದಿರುವ ಇದು ಏಜಿಯನ್ ಸಮುದ್ರದಲ್ಲಿ, ತುರ್ಕಿಯ ಕರಾವಳಿಗೆ ತೀರಾ ಸಮೀಪದಲ್ಲಿದೆ. ವಿಸ್ತಾರ ಸುಮಾರು 1,630 ಚದರ ಕಿಲೋಮೀಟರ್. ಕ್ರೀಟ್ ಮತ್ತು ಯೂಬಿಯಾಗಳನ್ನು ಬಿಟ್ಟರೆ ಗ್ರೀಸಿನ ಅತಿ ದೊಡ್ಡ ದ್ವೀಪ ಇದೇ. ಎಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ದ್ವೀಪದ ಪೂರ್ವಭಾಗ ಆಲಿವ್ ಮರಗಳಿಂದ ಬೂದುಹಸಿರಾಗಿದೆ, ನಡುವೆ ಪೈನ್ ಕಾಡುಗಳಿವೆ. ಪಶ್ಚಿಮಕ್ಕೆ ಸಾಗಿದಂತೆ ಮರಗಳು ಕಡಿಮೆಯಾಗಿ, ಕುರಿಗಳು ಮೇಯ್ದು ಬೋಳಾದ ಕಂದು ಗುಡ್ಡಗಳು ತೆರೆದುಕೊಳ್ಳುತ್ತವೆ. ಅಚ್ಚರಿಯೆಂದರೆ, ಮರವೇ ಇಲ್ಲದಂತೆ ಕಾಣುವ ಆ ಭಾಗದಲ್ಲಿಯೇ ದ್ವೀಪದ ಅತ್ಯಂತ ಪ್ರಸಿದ್ಧವಾದ ಕಾಡು ಇದೆ. ಅದು ಕಲ್ಲಾದ ಕಾಡು.

ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ, ತೇವದ ಹವೆಯಿತ್ತು. ಇಂದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ದೈತ್ಯ ಸಿಕೋಯಾ ಮರಗಳ ಪೂರ್ವಜರು, ಪೈನ್‌ಗಳು, ತಾಳೆಯ ಜಾತಿಯ ಮರಗಳು, ನಮ್ಮ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಮರಗಳು ಇಲ್ಲಿ ಬೆಳೆದಿದ್ದವು. ಆಗ ಜ್ವಾಲಾಮುಖಿಗಳು ಸಿಡಿದು, ಕಾಡಿನ ಮೇಲೆ ಬೂದಿಯ ದಪ್ಪ ಹೊದಿಕೆ ಬಿದ್ದಿತು. ಗಾಳಿ ಸೋಕದ ಕಾರಣ ಮರಗಳು ಕೊಳೆಯಲಿಲ್ಲ. ಸಿಲಿಕಾ ಕರಗಿದ್ದ ಬಿಸಿನೀರು ಆ ಬೂದಿಯ ಮೂಲಕ ಹರಿದು ಮರದ ಒಡಲನ್ನು ಹೊಕ್ಕು, ಕಣಕಣವಾಗಿ ಕಟ್ಟಿಗೆಯ ಜಾಗದಲ್ಲಿ ಕಲ್ಲನ್ನು ತುಂಬಿತು. ಆದುದರಿಂದಲೇ ಇಂದಿಗೂ ಆ ಕಾಂಡಗಳಲ್ಲಿ ವಾರ್ಷಿಕ ಉಂಗುರಗಳನ್ನು ಎಣಿಸಬಹುದು, ತೊಗಟೆಯ ಗೆರೆಗಳನ್ನು ಬೆರಳಿನಿಂದ ತಡವಬಹುದು. ಕಬ್ಬಿಣ, ಮ್ಯಾಂಗನೀಸ್ ಮೊದಲಾದ ಖನಿಜಗಳು ಬೆರೆತು ಕೆಲವು ಕಾಂಡಗಳಿಗೆ ಕೆಂಪು, ಹಳದಿ, ಕಪ್ಪು ಬಣ್ಣಗಳು ಬಂದಿವೆ. ಬೇರುಬಿಟ್ಟ ನೆಲದಲ್ಲಿಯೇ ಇನ್ನೂ ನೆಟ್ಟಗೆ ನಿಂತಿರುವ ಒಂದು ಕಾಂಡ ಏಳು ಮೀಟರ್ ಎತ್ತರವಿದ್ದು, ಅದರ ಸುತ್ತಳತೆ ಎಂಟು ಮೀಟರನ್ನು ಮೀರುತ್ತದೆ.

ಹೀಗೆ ಉಳಿದದ್ದು ಪ್ರಕೃತಿಯ ಕೆಲಸ. ಉಳಿಸಿಕೊಂಡದ್ದು ಮನುಷ್ಯರ ಕೆಲಸ. ಸುಂದರವಾದ ಕಲ್ಲಿನ ತುಂಡನ್ನು ಜೇಬಿಗೆ ಹಾಕಿಕೊಳ್ಳದ ಪ್ರವಾಸಿಗರು ಎಲ್ಲ ದೇಶಗಳಲ್ಲಿಯೂ ವಿರಳ. 1985ರಲ್ಲಿ ಗ್ರೀಕ್ ಸರ್ಕಾರ ಸುಮಾರು 15,000 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. 1994ರಲ್ಲಿ ಸಿಗ್ರಿ ಎಂಬ ಮೀನುಗಾರರ ಸಣ್ಣ ಊರಿನಲ್ಲಿ ಇದಕ್ಕಾಗಿಯೇ ಒಂದು ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಸ್ಥಾಪನೆಯಾಯಿತು. 2000ದ ಜೂನ್‌ನಲ್ಲಿ ಫ್ರಾನ್ಸ್, ಜರ್ಮನಿ, ಸ್ಪೇನ್ ದೇಶಗಳ ತಲಾ ಒಂದು ಪ್ರದೇಶ ಲೆಸ್ವೋಸಿನೊಡನೆ ಸೇರಿ ಭೂ ಉದ್ಯಾನಗಳ ಯುರೋಪಿನ ಒಕ್ಕೂಟವನ್ನು ಕಟ್ಟಿದವು. ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ದ್ವೀಪದಲ್ಲಿ. 2015ರಲ್ಲಿ ಯುನೆಸ್ಕೋ ಜಾಗತಿಕ ಭೂ ಉದ್ಯಾನಗಳಿಗೆ ಮಾನ್ಯತೆ ನೀಡಿದಾಗ ಇಡೀ ದ್ವೀಪವೇ ಆ ಪಟ್ಟಿಯಲ್ಲಿ ಸೇರಿತ್ತು.

ಯುನೆಸ್ಕೋ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಹುಬ್ಬುಗಳು ಮೇಲೇರುವುದನ್ನು ಬಲ್ಲೆ. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿ ಸೇರಿದಾಗ, ನಾಳೆ ಸೊಪ್ಪು ತರಲೂ ಬಿಡುವುದಿಲ್ಲವೇನೋ ಎಂಬ ಭಯ ಎಷ್ಟು ಮನೆಗಳಲ್ಲಿ ಇರಲಿಲ್ಲ? ಭೂ ಉದ್ಯಾನದ ಕಲ್ಪನೆ ಇದಕ್ಕಿಂತ ಬೇರೆ. ಅದರ ಮೇರೆಯೊಳಗೆ ಊರುಗಳಿವೆ, ಹೊಲಗಳಿವೆ, ಗಾಣಗಳಿವೆ. ಆ ಹೆಸರು ಬಂದ ಮಾತ್ರಕ್ಕೆ ಬೇಸಾಯಕ್ಕೆ ಹೊಸ ನಿರ್ಬಂಧ ಬರುವುದಿಲ್ಲ. ದ್ವೀಪದ ಮಹಿಳಾ ಸಹಕಾರ ಸಂಘಗಳು ತಯಾರಿಸಿದ ತಿನಿಸುಗಳಿಗೆ ಭೂ ಉದ್ಯಾನದ ಮೂಲಕ ಮಾರುಕಟ್ಟೆಯೂ ದೊರೆಯುತ್ತದೆ. ಪೆತ್ರಾ ಎಂಬ ಊರಿನ ಹೆಂಗಸರು 1983ರಷ್ಟು ಹಿಂದೆಯೇ ಕೃಷಿ ಪ್ರವಾಸದ ಸಹಕಾರ ಸಂಘವನ್ನು ಕಟ್ಟಿ, ತಮ್ಮ ಮನೆಗಳ ಕೋಣೆಗಳನ್ನೇ ಅತಿಥಿಗಳಿಗೆ ಬಾಡಿಗೆಗೆ ಕೊಟ್ಟರು. ಗ್ರೀಸಿನಲ್ಲಿ ಅಂಥ ಸಂಘಗಳಲ್ಲಿ ಅದೇ ಮೊದಲನೆಯದು.

ರಸ್ತೆಯ ಕಥೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ರಸ್ತೆ ಅಗಲೀಕರಣದ ಸಂಕಟ ನಮಗೆ ಹೊಸದಲ್ಲ. ಕಲ್ಲೋನಿಯಿಂದ ಸಿಗ್ರಿಗೆ ಹೊಸ ರಸ್ತೆ ಮಾಡುವಾಗ ಗುಡ್ಡ ಕಡಿದಲ್ಲೆಲ್ಲ ಕಲ್ಲುಮರಗಳು ಹೊರಬಿದ್ದವು. ಕಾಮಗಾರಿಯ ಜೊತೆಜೊತೆಗೇ ಸಂಗ್ರಹಾಲಯದ ತಂಡ ಉತ್ಖನನ ನಡೆಸಿತು. 2021ರ ಆರಂಭದಲ್ಲಿ ರಸ್ತೆಯ ಪಕ್ಕದಲ್ಲಿ ದೊರೆತ ಒಂದು ಮರ ಸುಮಾರು 19 ಮೀಟರ್ ಉದ್ದವಿದ್ದು, ಬೇರು ಕೊಂಬೆಗಳ ಸಹಿತ ಮಲಗಿತ್ತು. ಯಂತ್ರವನ್ನು ನಿಲ್ಲಿಸಿ ಕಾಯುವ ವ್ಯವಧಾನವಿದ್ದರೆ ರಸ್ತೆಯೂ ಆಗುತ್ತದೆ, ಮರವೂ ಉಳಿಯುತ್ತದೆ. ನಮ್ಮಲ್ಲಿ ಬದುಕಿರುವ ಮರಕ್ಕೂ ಅಷ್ಟು ಹೊತ್ತು ಕಾಯುವವರಿಲ್ಲ.

ನೋಡತಕ್ಕ ಬೇರೆ ಸ್ಥಳಗಳು ಬಹಳ ಇವೆ. ಮಿತಿಲಿನಿಯ ಕೋಟೆ, ಮೊಲಿವೋಸಿನ ಗುಡ್ಡದ ಮೇಲಿನ ಕೋಟೆ, ವಾರಿಯಾದಲ್ಲಿರುವ ಥಿಯೊಫಿಲೋಸ್ ಎಂಬ ಚಿತ್ರಕಾರನ ಸಂಗ್ರಹಾಲಯ. ಅಂಗಡಿ ಗೋಡೆಗಳ ಮೇಲೆ ಊಟದ ಕೂಲಿಗೆ ಚಿತ್ರ ಬರೆದ ಆ ಬಡವ 1934ರಲ್ಲಿ ತೀರಿಕೊಂಡ ಮೇಲೆ ಜಗತ್ತಿಗೆ ಪರಿಚಿತನಾದ. ಕವಯಿತ್ರಿ ಸಾಫೊ ಹುಟ್ಟಿದ ದ್ವೀಪವೂ ಇದೇ. ಮೊರಿಯಾ ಎಂಬ ಹಳ್ಳಿಯಲ್ಲಿ ರೋಮನ್ನರ ಕಾಲದ, ಕಮಾನುಗಳ ಮೇಲೆ ನಿಂತ ನೀರುಗಾಲುವೆಯಿದೆ. ಆದರೆ ಆ ಹೆಸರನ್ನು ಜಗತ್ತು ಕೇಳಿದ್ದು ಅಲ್ಲಿನ ನಿರಾಶ್ರಿತರ ಶಿಬಿರದಿಂದ. 2015ರಲ್ಲಿ ಲಕ್ಷಾಂತರ ಜನ ದೋಣಿಗಳಲ್ಲಿ ಈ ದ್ವೀಪದ ದಡ ಸೇರಿದರು. 2020ರ ಸೆಪ್ಟೆಂಬರಿನಲ್ಲಿ ಆ ಶಿಬಿರ ಸುಟ್ಟುಹೋಯಿತು. ದ್ವೀಪದವರಲ್ಲಿ ಅನೇಕರ ಅಜ್ಜ ಅಜ್ಜಿಯರೂ 1922ರಲ್ಲಿ ಹೀಗೆಯೇ ಎದುರು ದಡದಿಂದ ಓಡಿಬಂದವರು.

ವಿಜ್ಞಾನದ ವಿದ್ಯಾರ್ಥಿಗಳಿಗೆ ನಾನು ವಿಶೇಷವಾಗಿ ಹೇಳಬೇಕಾದದ್ದು ಕಲ್ಲೋನಿ ಕೊಲ್ಲಿಯ ಬಗ್ಗೆ. ಭೂಮಿಯೊಳಕ್ಕೆ ಚಾಚಿಕೊಂಡ ಆಳವಿಲ್ಲದ ಈ ಕೊಲ್ಲಿಯ ಅಂಚಿನಲ್ಲಿ ಉಪ್ಪಿನ ಗದ್ದೆಗಳಿವೆ, ರಾಜಹಂಸಗಳಿವೆ. ವಸಂತದಲ್ಲಿ ವಲಸೆ ಹಕ್ಕಿಗಳನ್ನು ನೋಡಲು ಯುರೋಪಿನ ನಾನಾ ಕಡೆಗಳಿಂದ ಜನ ಬರುತ್ತಾರೆ. ಕ್ರಿ.ಪೂ. 345ರ ಆಸುಪಾಸಿನಲ್ಲಿ ಅರಿಸ್ಟಾಟಲ್ ಈ ದ್ವೀಪಕ್ಕೆ ಬಂದು ಸುಮಾರು ಎರಡು ವರ್ಷ ಇದ್ದ. ಪ್ರಾಣಿಗಳ ಕುರಿತ ಅವನ ಗ್ರಂಥದಲ್ಲಿ ಈ ಕೊಲ್ಲಿಯ ಮೀನು, ಚಿಪ್ಪುಜೀವಿ, ಕಡಲಮುಳ್ಳುಗಳ ವಿವರಗಳು ಮತ್ತೆ ಮತ್ತೆ ಬರುತ್ತವೆ. ಒಮ್ಮೆ ಇಲ್ಲಿನ ಚಿಪ್ಪುಜೀವಿಗಳು ಕಾಣೆಯಾದುದಕ್ಕೆ, ಅವುಗಳನ್ನು ತಳದಿಂದ ಕೆರೆದು ತೆಗೆಯುವ ಸಾಧನವೂ ಬರಗಾಲವೂ ಕಾರಣವೆಂದು ಅವನು ಬರೆದಿಟ್ಟಿದ್ದಾನೆ. ಅತಿಯಾಗಿ ಬಾಚಿದರೆ ಮುಗಿದುಹೋಗುತ್ತದೆ ಎಂಬ ತಿಳಿವಳಿಕೆ ಇಪ್ಪತ್ಮೂರು ಶತಮಾನ ಹಳೆಯದು!

ಅವನ ಜೊತೆಗಾರ ಥಿಯೊಫ್ರಾಸ್ಟಸ್ ಇದೇ ದ್ವೀಪದ ಎರೆಸೋಸ್ ಊರಿನವನು. ಸಸ್ಯಶಾಸ್ತ್ರದ ಪಿತಾಮಹನೆಂದು ನಾವು ಪಾಠ ಮಾಡುವುದು ಇವನನ್ನೇ. ಅಲೆಗ್ಸಾಂಡರನ ದಂಡಿನೊಡನೆ ಹೋಗಿ ಬಂದವರ ವರದಿಗಳ ಆಧಾರದಿಂದ ಭಾರತದ ಆಲದ ಮರವನ್ನೂ, ಕೊಂಬೆಗಳಿಂದ ಬಿಳಲು ಇಳಿಸಿ ಅದು ಹರಡುವ ಬಗೆಯನ್ನೂ ಈತ ವರ್ಣಿಸಿದ್ದಾನೆ. ಆದರೆ ನನಗೆ ಮೆಚ್ಚುಗೆಯಾದದ್ದು ಬೇರೊಂದು ಸಂಗತಿ. ಮರದ ಜಾತಿಗಳನ್ನು ವಿಂಗಡಿಸುವಾಗ ಅವನು ಪದೇಪದೇ ಬೆಟ್ಟದ ಜನ ಏನು ಹೇಳುತ್ತಾರೆ, ಮರ ಕಡಿಯುವವರು ಏನು ಹೇಳುತ್ತಾರೆ, ಬೇರು ಅಗೆಯುವವರು ಏನು ಹೇಳುತ್ತಾರೆ ಎಂದು ದಾಖಲಿಸುತ್ತಾನೆ. ಎಲ್ಲವನ್ನೂ ಒಪ್ಪುವುದಿಲ್ಲ, ಆದರೆ ಕೇಳದೆ ಬಿಡುವುದಿಲ್ಲ. ಡಾಕ್ಟರೇಟ್ ಪಡೆದು ಊರಿಗೆ ಮರಳಿದ ನನ್ನಂಥವರು ಆ ಪುಟಗಳನ್ನು ಓದುವಾಗ ಸ್ವಲ್ಪ ನಾಚಿಕೆಯಾಗುತ್ತದೆ.

ಇನ್ನು ನನ್ನ ಮುಖ್ಯ ವಿಷಯ, ಆಲಿವ್. ದ್ವೀಪದಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಮರಗಳಿವೆ ಎಂಬ ಲೆಕ್ಕ ರೂಢಿಯಲ್ಲಿದೆ. ಕೊಲೊವಿ, ಅದ್ರಮಿತಿನಿ ಎಂಬ ಎರಡು ತಳಿಗಳೇ ಪ್ರಧಾನ. 1850ರ ಭೀಕರ ಹಿಮ ತೋಪುಗಳನ್ನು ಸುಟ್ಟುಹಾಕಿದ ಬಳಿಕ ಜನ ಮತ್ತೆ ಬೆಳೆಸಿದ ಕಾಡು ಇದು. ಕಾಡು ಎಂದು ಬೇಕೆಂದೇ ಬರೆದಿದ್ದೇನೆ. ಪ್ಲೊಮಾರಿಯ ಸುತ್ತಲಿನ ಕಡಿದಾದ ಗುಡ್ಡಗಳಲ್ಲಿ ಬುಡದಿಂದ ನೆತ್ತಿಯವರೆಗೆ ಗಾರೆಯಿಲ್ಲದ ಕಲ್ಲುಕಟ್ಟಣೆಯ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿನಲ್ಲಿ ಕೆಲವೇ ಮರಗಳು. ಮಳೆ ಬಂದಾಗ ಗೋಡೆ ನೀರನ್ನು ಸಂದುಗಳಿಂದ ನಿಧಾನವಾಗಿ ಬಿಟ್ಟುಕೊಡುತ್ತದೆ, ಮಣ್ಣನ್ನು ಹಿಡಿದಿಡುತ್ತದೆ. ಗಾರೆ ಹಾಕಿದ್ದರೆ ನೀರು ಹಿಂದೆ ನಿಂತು ಗೋಡೆಯನ್ನೇ ದೂಡುತ್ತಿತ್ತು. ಇಂಥ ಒಣಗಲ್ಲಿನ ಕಟ್ಟಣೆಯ ಕಲೆಯನ್ನು 2018ರಲ್ಲಿ ಗ್ರೀಸ್ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿತು, ಸರಿ. ಆದರೆ ಬಿದ್ದ ಕಲ್ಲನ್ನು ಎತ್ತಿಡುವವರು ಯಾರು? ಈ ಮೆಟ್ಟಿಲುಗಳಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಕೆಳಗೆ ಬಲೆ ಹಾಸಿ, ಕೋಲಿನಿಂದ ಬಡಿದು, ಚೀಲ ತುಂಬಿ, ಹೊತ್ತೇ ಇಳಿಸಬೇಕು. ಒಂದು ವರ್ಷ ಫಸಲು ಬಂದರೆ ಮರುವರ್ಷ ಇಲ್ಲವೆಂಬಷ್ಟು ಕಡಿಮೆ. ಬಯಲುಸೀಮೆಯ ಸಾಲುತೋಪುಗಳ ಎಣ್ಣೆಯೊಡನೆ ಬೆಲೆಯಲ್ಲಿ ಪೈಪೋಟಿ ಮಾಡಲು ಆಗದು. ಮಕ್ಕಳು ಅಥೆನ್ಸಿಗೆ ಹೋದರು, ಮುದುಕರು ಉಳಿದರು. ನಾನು ಹತ್ತಿದ ಗುಡ್ಡವೊಂದರಲ್ಲಿ ಕೆಳಗಿನ ಮೆಟ್ಟಿಲುಗಳು ಒಪ್ಪವಾಗಿದ್ದವು, ನಡುವಿನವುಗಳಲ್ಲಿ ಅಲ್ಲಲ್ಲಿ ಗೋಡೆ ಬಾಯಿಬಿಟ್ಟಿತ್ತು, ಮೇಲಿನವು ಮುಳ್ಳುಪೊದೆಯೊಳಗೆ ಮುಚ್ಚಿಹೋಗಿದ್ದವು. ಒಂದು ಕಡೆ ಬಾಯಿಬಿಟ್ಟ ಗೋಡೆಯಿಂದ ಮಣ್ಣು ಇಳಿದು ಕೆಳಗಿನ ಗೋಡೆಯ ಮೇಲೆ ಭಾರ ಹೇರುತ್ತದೆ. ನಾಲ್ಕೈದು ಮಳೆಗಾಲದಲ್ಲಿ ಕೊರಕಲು. ಬೇಸಗೆಯಲ್ಲಿ ಅದೇ ಪೊದೆ ಬೆಂಕಿಗೆ ಮೇವು. 2022ರ ಜುಲೈಯಲ್ಲಿ ದಕ್ಷಿಣ ಕರಾವಳಿಯ ವಟೇರಾದಲ್ಲಿ ಕಾಳ್ಗಿಚ್ಚಿನಿಂದ ಜನರನ್ನು ತೆರವು ಮಾಡಿಸಬೇಕಾಯಿತು.

ಸತ್ತು ಕೋಟ್ಯಂತರ ವರ್ಷವಾದ ಕಾಡಿಗೆ ಆಜ್ಞೆಯಿದೆ, ಬೇಲಿಯಿದೆ, ಟಿಕೇಟಿದೆ, ಕಾವಲಿನವನಿದ್ದಾನೆ. ಅದನ್ನು ನಾನು ಆಕ್ಷೇಪಿಸುತ್ತಿಲ್ಲ, ಅದು ಇರಲೇಬೇಕು. ಆದರೆ ಕಲ್ಲುಮರಕ್ಕೆ ಕಾವಲಷ್ಟೇ ಸಾಕು. ತೋಪಿಗೆ ಕಾವಲು ಸಾಲದು, ಕೆಲಸ ಮಾಡುವ ಕೈ ಬೇಕು. ಆ ಕೈಗೆ ಕೂಲಿ ಹುಟ್ಟಬೇಕು. ಪ್ರವಾಸೋದ್ಯಮದಿಂದ ಅದು ತಾನಾಗಿ ಹುಟ್ಟುತ್ತದೆ ಎನ್ನುವವರಿದ್ದಾರೆ. ಪ್ರವಾಸಿಗರು ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಡಲಿಗೆ. ಆಲಿವ್ ಕೊಯ್ಲು ನವೆಂಬರ್‌ನಿಂದ ಜನವರಿಗೆ, ಬೆಟ್ಟದಲ್ಲಿ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದೇ ಇಲ್ಲ. ತೋಪು ಅವರ ಛಾಯಾಚಿತ್ರದ ಹಿನ್ನೆಲೆಯಾಗಿ ಉಳಿಯುತ್ತದೆ, ಹಿನ್ನೆಲೆಗೆ ಯಾರೂ ಹಣ ಕೊಡುವುದಿಲ್ಲ.

ದಾರಿ ಇಲ್ಲವೆಂದಲ್ಲ. ಅಗಿಯಾ ಪರಾಸ್ಕೆವಿ ಎಂಬ ಊರಿನಲ್ಲಿ 1910ರ ಸುಮಾರಿಗೆ ಊರವರೇ ಸಮುದಾಯದ ಹಣದಿಂದ ಉಗಿಯಂತ್ರದ ಗಾಣವೊಂದನ್ನು ಕಟ್ಟಿಸಿದರು. ಲಾಭ ಊರಿನ ಕೆಲಸಗಳಿಗೆ, ಶಾಲೆಗೆ ಹೋಗುತ್ತಿತ್ತು. ಗಾಣ ನಿಂತು ಹಲವು ದಶಕಗಳಾದ ಮೇಲೆ 2006ರಲ್ಲಿ ಅದು ಆಲಿವ್ ಎಣ್ಣೆಯ ಉದ್ಯಮದ ಸಂಗ್ರಹಾಲಯವಾಗಿ ತೆರೆದುಕೊಂಡಿತು. ಅದನ್ನು ತಪ್ಪದೆ ನೋಡಬೇಕು. ಯಂತ್ರಗಳು ಹೊಳೆಯುತ್ತವೆ, ವಿವರಣೆ ಸೊಗಸಾಗಿದೆ. ನನಗೆ ಮಾತ್ರ ಅಲ್ಲಿ ನಿಂತಾಗ ಅನ್ನಿಸಿದ್ದು, ಇದನ್ನು ಕಟ್ಟಿದವರ ಬುದ್ಧಿ ಯಂತ್ರಕ್ಕಿಂತ ದೊಡ್ಡದು, ಸಂಗ್ರಹಾಲಯದ ಟಿಕೇಟಿನಲ್ಲಿ ಒಂದು ಪಾಲು ಮೇಲಿನ ಮೆಟ್ಟಿಲಿನ ಕಲ್ಲು ಎತ್ತಿಡುವವನಿಗೆ ಹೋದರೆ ಆ ಬುದ್ಧಿ ಇನ್ನೂ ಬದುಕಿದೆ ಎನ್ನಬಹುದಿತ್ತು ಎಂದು.

ಆದುದರಿಂದ ಸಭೆಯಲ್ಲಿ ಪ್ರಶ್ನೆ ಕೇಳಿದ ತಂಗಿಗೆ ನನ್ನ ಉತ್ತರ: ತೋಟವೂ ಪಟ್ಟಿಯಲ್ಲಿ ಇರಲಿ, ಆದರೆ ತೋಟದವನ ಕೂಲಿಯ ಲೆಕ್ಕವನ್ನು ಪಕ್ಕದ ಕಾಲಮಿನಲ್ಲಿ ಬರೆದುಕೊಂಡೇ ಇರಲಿ. ಲೆಸ್ವೋಸಿಗೆ ಹೋಗುವ ಅವಕಾಶ ನಿಮ್ಮಲ್ಲಿ ಯಾರಿಗಾದರೂ ಎಂದಾದರೂ ಒದಗಿದರೆ ನವೆಂಬರಿನಲ್ಲಿ ಹೋಗಿ. ಒಂದು ತೊಂದರೆ ಮಾತ್ರ ಇದೆ, ಕಡಲತೀರದ ವಸತಿಗೃಹಗಳಲ್ಲಿ ಹೆಚ್ಚಿನವು ಆಗ ಬಾಗಿಲು ಹಾಕಿರುತ್ತವೆ. ಬೆಟ್ಟದ ಊರುಗಳಲ್ಲಿ ಎಣ್ಣೆ ಗಿರಣಿಗಳು ತೆರೆದಿರುತ್ತವೆ. ಹೊಸ ಎಣ್ಣೆಯಲ್ಲಿ ಅದ್ದಿದ ಸುಟ್ಟ ರೊಟ್ಟಿಯನ್ನು ಅಲ್ಲಿನವರು ಪರಿಚಯವಿಲ್ಲದವರಿಗೂ ಕೊಡುತ್ತಾರೆ. ಗಂಟಲಿಗೆ ಸ್ವಲ್ಪ ಖಾರ ಹತ್ತುತ್ತದೆ.