ನಾಗರಹೊಳೆಯ ಹಾಡಿಗಳ ಬಗ್ಗೆ ಮುಖ್ಯಮಂತ್ರಿಗಳಿಗೆ ಒಂದು ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ವಿಜಯದಶಮಿಯ ದಿನ ನೀವು ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡುವಾಗ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಮಿಸುಕಾಡದೆ ನಿಂತಿರುತ್ತದೆ. ಪಿರಂಗಿಯ ಸದ್ದಿಗೂ ಜನರ ಗದ್ದಲಕ್ಕೂ ಅದು ಬೆದರದಂತೆ ನೋಡಿಕೊಳ್ಳುವವರು ಮಾವುತರು, ಕಾವಾಡಿಗಳು. ಬಳ್ಳೆ, ಮತ್ತಿಗೋಡು, ದುಬಾರೆ ಶಿಬಿರಗಳಿಂದ ಬರುವ ಅವರಲ್ಲಿ ಬಹಳ ಮಂದಿ ಜೇನು ಕುರುಬರು. ದಸರಾ ಮುಗಿಯುವವರೆಗೆ ಅವರ ಮಕ್ಕಳಿಗೆಂದು ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಅದು ಒಳ್ಳೆಯ ಕೆಲಸ. ವರ್ಷದ ಉಳಿದ ತಿಂಗಳುಗಳ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ.

ನಾಗರಹೊಳೆ ಕಾಡಿನ ಹಾಡಿಗಳ ಜೇನು ಕುರುಬರು ಹೊಸ ಕಾಲಕ್ಕೆ ಒಗ್ಗುವುದಿಲ್ಲ, ಕಾಡಿನಿಂದ ಹೊರಗೆ ತಂದರಷ್ಟೇ ಅವರ ಏಳಿಗೆ ಎಂಬ ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಈ ಮಾತಿಗೆ ಚರಿತ್ರೆಯಲ್ಲಿ ಆಧಾರವಿಲ್ಲ. ಜೇನು ಬಿಡಿಸಿ, ಗೆಡ್ಡೆ ಗೆಣಸು ಅಗೆದು ಬದುಕುತ್ತಿದ್ದವರು ಮಹಾರಾಜರ ಕಾಲದಲ್ಲಿ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾಗಳಿಗೆ ಆನೆಯ ಜಾಡು ಹಿಡಿದುಕೊಟ್ಟರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆಮೇಲೆ ಕಬಿನಿಯ ಹಿನ್ನೀರು ಕಾಕನಕೋಟೆಯ ಕಾಡಿನ ಒಂದು ಭಾಗವನ್ನು ಮುಳುಗಿಸಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಒಂದೊಂದು ಸಲ ನೆಲ ಜರುಗಿದಾಗಲೂ ಅವರು ಹೊಸ ಕೆಲಸ ಕಲಿತರು. ಮಾವುತರಾದರು, ಬೆಂಕಿ ರೇಖೆ ಕಡಿಯುವ ವಾಚರ್‌ಗಳಾದರು, ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಗಳಾದರು. ಇಷ್ಟು ಬೇಗ ಇಷ್ಟು ಸಲ ಬದುಕು ಬದಲಿಸಿಕೊಂಡ ಸಮುದಾಯ ನಮ್ಮ ರಾಜ್ಯದಲ್ಲಿ ಇನ್ನೊಂದು ಇರಲಾರದು.

ಆದರೆ ಪ್ರತಿ ಸಲವೂ ಅವರ ವಿದ್ಯೆಯನ್ನು ನಾವು ಪಡೆದೆವು, ಆ ವಿದ್ಯೆ ಹುಟ್ಟಿದ ಜಾಗವನ್ನು ಅವರಿಂದ ಬಿಡಿಸಿದೆವು.

ಆ ವಿದ್ಯೆ ಎಂಥದೆಂದು ಸ್ವಲ್ಪ ಹೇಳಬೇಕು. ಹೆಜ್ಜೇನು, ತುಡುವೆ, ಕೋಲುಜೇನು, ನಸರು ಜೇನು ಒಂದೊಂದಕ್ಕೂ ಬೇರೆ ಮರ, ಬೇರೆ ಹೂವು, ಬೇರೆ ಕಾಲ. ಹೆಜ್ಜೇನು ಬಿಡಿಸುವುದು ಕತ್ತಲಲ್ಲಿ. ಎತ್ತರದ ಮರ ಹತ್ತಿ, ಹೊಗೆ ಹಿಡಿದು, ಹಾಡು ಹೇಳುತ್ತ ಬಿಡಿಸುತ್ತಾರೆ. ನೂರೆ ಗೆಣಸು ಅಗೆದವರು ಬಳ್ಳಿಯ ಬುಡವನ್ನು ಮತ್ತೆ ಮಣ್ಣಿಗೆ ಕೊಟ್ಟು ಬರುತ್ತಾರೆ, ಮುಂದಿನ ಮಳೆಗೆ ಅದು ಚಿಗುರುತ್ತದೆ. ಯಾವ ಕೊಲ್ಲಿಯಲ್ಲಿ ಆನೆ ಮರಿ ಹಾಕಿದೆ, ಯಾವ ದಾರಿಯನ್ನು ಈಗ ಬಿಡಬೇಕು ಎಂಬುದು ಹಾಡಿಯ ಹುಡುಗರಿಗೆ ನಡೆದು ನಡೆದು ಬರುವ ತಿಳಿವು. ಹಾಸನ, ಕೊಡಗಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಸಾಕಾನೆಯ ಮೇಲೆ ಕೂತು ಮುಂದೆ ಹೋಗುವ ಧೈರ್ಯ ಬರುವುದು ಇದರಿಂದಲೇ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರಿನ ಕಾಡಿನಲ್ಲಿ ಇಂಥದೇ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸತ್ತಾಗ ಈ ಕೆಲಸದಲ್ಲಿ ಎಂಥ ಅಪಾಯವಿದೆ ಎಂಬುದನ್ನು ರಾಜ್ಯವೆಲ್ಲ ಕಂಡಿತು. ಮಕ್ಕಳು ಕಾಡಿಗೆ ಕಾಲಿಡುವುದೇ ಅಪರಾಧವಾದರೆ ಮುಂದಿನ ತಲೆಮಾರಿನ ಮಾವುತ ಎಲ್ಲಿಂದ ಬರುತ್ತಾನೆ?

ಕಾನೂನು ಅವರ ಪರವಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಇ) ಕಲಮು ಇಂಥ ಆದಿಮ ಬುಡಕಟ್ಟುಗಳಿಗೆ, ಬೇಸಾಯಕ್ಕೂ ಮುಂಚಿನ ಬದುಕಿನ ಸಮುದಾಯಗಳಿಗೆ ಇಡೀ ಆವಾಸದ ಮೇಲೆ ಹಕ್ಕು ಕೊಡುತ್ತದೆ. ಮನೆ ಕಟ್ಟಿದ ತುಂಡು ನೆಲಕ್ಕಷ್ಟೇ ಅಲ್ಲ, ಜೇನಿನ ಮರಕ್ಕೆ, ದೇವರ ಬನಕ್ಕೆ, ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ. ಮಧ್ಯಪ್ರದೇಶದಲ್ಲಿ ಬೈಗಾ ಜನರಿಗೆ, ಛತ್ತೀಸಗಢದಲ್ಲಿ ಕಮಾರರಿಗೆ ಇದು ಸಿಕ್ಕಿದೆ. ಹಕ್ಕು ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸಕೂಡದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಹುಲಿಗೆ ಇದರಿಂದ ಕೇಡು ಎನ್ನುವವರು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರಲಿ. ಅಲ್ಲಿನ ಸೋಲಿಗರು ತಮ್ಮ ದೇವರ ತಾಣಗಳನ್ನೆಲ್ಲ ಜಿಪಿಎಸ್ ಹಿಡಿದು ಗುರುತಿಸಿ ನಕ್ಷೆ ಮಾಡಿಸಿದರು. ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅವರಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಹುಲಿಯೂ ಅಲ್ಲಿದೆ, ಸೋಲಿಗರ ಹಾಡಿಗಳಾದ ಪೋಡುಗಳೂ ಇವೆ.

ನಾಗರಹೊಳೆಯಿಂದ ಹೊರಬಂದವರ ಕತೆ ನಿಮ್ಮ ಕಡತಗಳಲ್ಲೇ ಇದೆ. ಹೈಕೋರ್ಟ್ ನಿರ್ದೇಶನದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟು, ಪುನರ್ವಸತಿ ಸಿಗಬೇಕಾದ 3,418 ಕುಟುಂಬಗಳನ್ನು ಗುರುತಿಸಿತು. ಅಸ್ಸಾದಿ ಈಗ ನಮ್ಮೊಂದಿಗಿಲ್ಲ. ವರದಿ ಇದೆ. 2025ರ ಮೇ ತಿಂಗಳಲ್ಲಿ ಸುಮಾರು ಐವತ್ತು ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ, ಇದು ನಮ್ಮ ಹಾಡಿ ಎಂದು ಕೂತವು. ಕಾನೂನು ಓದಿ, ಗ್ರಾಮಸಭೆ ಸೇರಿಸಿ ಅರ್ಜಿ ಬರೆದವರು ಅವರು. ಹಾಡಿಯ ಜನ ಹೊಸ ಕಾಲವನ್ನು ಎದುರುಗೊಳ್ಳುತ್ತಿರುವ ಬಗೆ ಇದೇ. ಸರ್ಕಾರ ಇದನ್ನು ಅತಿಕ್ರಮಣವೆಂದು ಕರೆದರೆ ನನಗೆ ಬಹಳ ನೋವಾಗುತ್ತದೆ.

ಹೊರಗೆ ಹೋಗಲು ಬಯಸುವವರು ಇದ್ದಾರೆ. ಆಸ್ಪತ್ರೆ, ಕಾಲೇಜು, ಕರೆಂಟು ಬೇಕೆನ್ನುವ ತಾಯಂದಿರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥವರಿಗೆ ಪುನರ್ವಸತಿಯ 15 ಲಕ್ಷ ರೂಪಾಯಿಯ ಪ್ಯಾಕೇಜು ಪೂರ್ತಿ ಸಿಗಲಿ, ಉಳುವ ನೆಲವೂ ಸಿಗಲಿ. ಆದರೆ ಒಳಗೆ ಉಳಿದವರಿಗೆ ದೀಪವೂ ಇಲ್ಲ, ದಾರಿಯೂ ಇಲ್ಲ ಎಂಬಂತೆ ಮಾಡಿಟ್ಟು, ಬಳಿಕ ಅವರು ಒಪ್ಪಿ ಹೊರಟರು ಎನ್ನುವುದು ನ್ಯಾಯವಲ್ಲ. 2023ರಲ್ಲಿ ಕೇಂದ್ರ ಆರಂಭಿಸಿದ ಪಿಎಂ ಜನಮನ್ ಯೋಜನೆ ಇಂಥ ಸಮುದಾಯಗಳಿಗೆಂದೇ ಇರುವಂಥದು. ಕಾಡೊಳಗಿನ ಹಾಡಿಗೂ ಅದು ಮುಟ್ಟಬೇಕು.

ನಿಮ್ಮಲ್ಲಿ ಕೇಳುವುದು ಇಷ್ಟು. ತಿರಸ್ಕರಿಸಿದ ಅರಣ್ಯ ಹಕ್ಕಿನ ಅರ್ಜಿಗಳನ್ನು ಮತ್ತೆ ತೆರೆಸಿ. ಅರಣ್ಯ ಇಲಾಖೆಯನ್ನೂ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಜೇನು ಕುರುಬರ ಆವಾಸ ಹಕ್ಕಿನ ಕೆಲಸಕ್ಕೆ ದಿನ ಗೊತ್ತುಮಾಡಿ. ಪರಿಶೀಲನೆಗೆ ಬರುವ ಅಧಿಕಾರಿಗಳು ತಾಲ್ಲೂಕು ಕಚೇರಿಯಲ್ಲಿ ಕೂರದೆ ಹಾಡಿಗೇ ಹೋಗಲಿ, ಅಲ್ಲಿನ ಯಜಮಾನರ ಜೊತೆ ಗಡಿ ನಡೆದು ನೋಡಲಿ. ಮುಂದಿನ ಜೇನಿನ ಕಾಲಕ್ಕೆ ಮುಂಚೆ ಇದು ಶುರುವಾಗಲಿ.

ಇಂತಿ,
ಹುಣಸೂರಿನ ಒಬ್ಬ ಮತದಾರ