ಕಫದಲ್ಲಿ ಟಿ.ಬಿ. ಇಲ್ಲವೆಂದ ಮೇಲೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಎಲ್ಲಿಯ ಸರ್ಕಾರಿ ದವಾಖಾನೆಗೇ ಹೋಗಿ, ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ. ಅದು ಸರಿಯಾದ ಕ್ರಮ. ತೊಂದರೆ ಇರುವುದು ಆಮೇಲೆ. ಕಫದಲ್ಲಿ ಟಿ.ಬಿ. ರೋಗಾಣು ಸಿಗದಿದ್ದರೂ ಎಕ್ಸ್‌ರೇಯಲ್ಲಿ ಕಲೆ ಕಂಡಿತೆಂದು ಟಿ.ಬಿ. ಗುಳಿಗೆ ಶುರುವಾಗಿ ತಿಂಗಳುಗಟ್ಟಲೆ ನಡೆಯುವುದು ದೇಶದ ಎಲ್ಲೆಡೆ ಕಂಡಿರುವ ತಪ್ಪು. ಶ್ವಾಸಕೋಶದ ಕ್ಯಾನ್ಸರಿನದೂ ಅಂಥದೇ ಕಲೆ. ಅದೇ ಕೆಮ್ಮು, ಕಫದಲ್ಲಿ ಅದೇ ರಕ್ತ, ಹಾಗೆಯೇ ಸೊರಗುವ ಮೈ. ದನಿ ಒಡೆಯುವುದು, ಹೆಗಲು ನೋಯುವುದು, ಬೆರಳ ತುದಿ ಉಬ್ಬುವುದು ಕಂಡರೆ ಅನುಮಾನ ಇನ್ನೂ ಗಟ್ಟಿಯಾಗಬೇಕು. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ ಈ ರೋಗ ತಿಳಿಯುವುದೇ 3ನೇ ಅಥವಾ 4ನೇ ಹಂತದಲ್ಲಿ.

ಈ ಕ್ಯಾನ್ಸರಿಗೆ ಬೀಡಿಯೇ ಮೊದಲ ಕಾರಣ. ಅದರ ಎಲೆಯೊಳಗೆ ಗಾಳಿ ಆಡುವುದಿಲ್ಲ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಹೊಗೆ ಅಷ್ಟೂ ಆಳಕ್ಕೆ ಇಳಿಯುತ್ತದೆ. ಕ್ರಷರ್‌ನ ಕಲ್ಲುಧೂಳಿನಲ್ಲಿರುವ ಸಿಲಿಕಾ ಕ್ಯಾನ್ಸರ್ ತರುವುದು ಖಚಿತವಾಗಿದೆ. ಒಲೆಯ ಮುಂದೆ ಆಯುಷ್ಯ ಕಳೆದ ತಾಯಂದಿರು ಬೀಡಿ ಮುಟ್ಟಿದವರಲ್ಲ, ಆದರೆ ತೊಗರಿ ಕಟ್ಟಿಗೆಯ ಹೊಗೆ ಕುಡಿದವರು. ‘ಬೀಡಿ ಸೇದಲ್ಲ, ಕ್ಯಾನ್ಸರ್ ಹೆಂಗ ಬರತದ’ ಎನ್ನುವ ಮಾತನ್ನು ವೈದ್ಯರೂ ನಂಬಬಾರದು. ಸೇದದವರಲ್ಲಿ, ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ಅಡಿನೋಕಾರ್ಸಿನೋಮ ಎಂಬ ಬಗೆ. ಅದರಲ್ಲಿ ಕೆಲವರಿಗೆ ಜೀನ್ ಪರೀಕ್ಷೆಯ ಆಧಾರದ ಮೇಲೆ ಗುಳಿಗೆಯಲ್ಲೇ ರೋಗವನ್ನು ಹಿಡಿದಿಡಬಹುದು. ನೂರಕ್ಕೆ ಸುಮಾರು 15ರಷ್ಟಿರುವ ಸಣ್ಣಕೋಶದ ಬಗೆ ಬಹುಪಾಲು ಸೇದುವವರದು. ಬೇಗ ಹಬ್ಬುವುದರಿಂದ ಆಪರೇಷನ್ನಿಗೆ ಒಗ್ಗುವುದು ಅಪರೂಪ.

ಯಾವ ಬಗೆ ಎಂದು ಖಚಿತವಾಗಿ ಹೇಳುವುದು ಬಯಾಪ್ಸಿ. ಗಂಟಿಗೆ ಸೂಜಿ ತಾಗಿದರೆ ಹರಡುತ್ತದೆಂದು ಹೆದರಿ ದವಾಖಾನೆಯಿಂದ ಎದ್ದು ಬರುವವರಿದ್ದಾರೆ. ಆ ಹೆದರಿಕೆ ಬೇಡ, ಸೂಜಿಯಿಂದ ಬರುವ ಅಪಾಯಕ್ಕಿಂತ ತಡದಿಂದ ಬರುವುದು ಬಹಳ ದೊಡ್ಡದು.

ಟಿ.ಬಿ. ಖಚಿತವಾದವರನ್ನು ಆಶಾ ಕಾರ್ಯಕರ್ತೆ ಮನೆತನಕ ಬಂದು ವಿಚಾರಿಸುತ್ತಾರೆ. ಟಿ.ಬಿ. ಇಲ್ಲವೆಂದು ಬಂದೂ ಕೆಮ್ಮು ನಿಲ್ಲದವರ ಹೆಸರನ್ನೂ ನಾಲ್ಕೂ ತಾಲ್ಲೂಕು ದವಾಖಾನೆಗಳು ಬರೆದಿಟ್ಟುಕೊಂಡು, ವಿಜಯಪುರದಲ್ಲಿ ಸಿ.ಟಿ. ಸ್ಕ್ಯಾನ್ ಆಗುವತನಕ ಬೆನ್ನು ಬಿಡಬಾರದು. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೋ, ಇಂಡಿಯವರಿಗೆ ಹತ್ತಿರದ ಸೊಲ್ಲಾಪುರ, ಬಾರ್ಶಿಯೋ, ಎಲ್ಲಿಗೆ ಎಂಬ ಚೀಟಿಯೂ ಆ ದಿನವೇ ರೋಗಿಯ ಕೈಗೆ ಸಿಗಬೇಕು.