ಹಳೆಯ ಕಂಪ್ಯೂಟರು, ಕಡಿಮೆ ರೊಕ್ಕ, ತುಸು ವಿಚಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಹಾಸಿಗೆ ಎಷ್ಟಿದೆಯೆಂದು ಅಳೆಯುವುದನ್ನು ಮಾತ್ರ ನಾವು ಮಕ್ಕಳಿಗೆ ಕಲಿಸುವುದಿಲ್ಲ. ಈ ಮಾತು ನನಗೆ ಮನದಟ್ಟಾದುದು ಕಳೆದ ದೀಪಾವಳಿಯ ಸೂಟಿಯಲ್ಲಿ, ಒಂದು ಹಳೆಯ ಕಂಪ್ಯೂಟರಿನ ಮುಂದೆ.

ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನ ಮನೆಯಲ್ಲಿ ಯಾವುದೋ ಕಚೇರಿಯಲ್ಲಿ ದುಡಿದು ಹಳತಾದ ಕಂಪ್ಯೂಟರೊಂದಿದೆ. ಇಂಟೆಲ್ ಐ-5 ನಾಲ್ಕನೆಯ ಪೀಳಿಗೆಯ ಪ್ರೊಸೆಸರು, 4 ಜಿ.ಬಿ. ಮೆಮೊರಿಯ ಒಂದೇ ಪಟ್ಟಿ, ತಿರುಗುವ ಹಳೆಯ ಹಾರ್ಡ್ ಡಿಸ್ಕು. ಅದರಲ್ಲಿ ಕ್ರಿಕೆಟ್ ಆಟ ಹಚ್ಚಿದರೆ ಬೌಲರು ಓಡಿ ಬರುವಷ್ಟರಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದನು. ಹುಡುಗನು ಎರಡು ವರ್ಷ ಕೂಡಿಸಿದ 7000 ರೂಪಾಯಿ ಕೊಟ್ಟು ಬಳಸಿದ ಗ್ರಾಫಿಕ್ಸ್ ಕಾರ್ಡೊಂದನ್ನು ತಂದನು. ಮನೆಗೆ ಬಂದು ನೋಡಿದರೆ ಆ ಕಾರ್ಡಿಗೆ ಬೇರೆ ವಿದ್ಯುತ್ ತಂತಿ ಬೇಕು. ಇವನ ಯಂತ್ರದ ಪವರ್ ಸಪ್ಲೈದಲ್ಲಿ ಅಂಥ ತಂತಿಯೇ ಇಲ್ಲ. ಮಾರಿದವರು ಮರಳಿ ತೆಗೆದುಕೊಳ್ಳಲಿಲ್ಲ.

"ನೋಡ್ರಿ ಗುರುಗಳೆ, ಇವನ ಆಟದ ಚಟಕ್ಕ ಏಳು ಸಾವಿರ ನೀರಾಗ ಹೋತು," ಎಂದರು ತಂದೆ. "ಅಪ್ಪಾ ಹೊಸಾದು ಕೊಡಿಸಿದ್ರ ಈ ತ್ರಾಸ ಇರ್ತಿರಲಿಲ್ಲರಿ ಸರ," ಎಂದನು ಮಗ.

ನನ್ನ ದೃಷ್ಟಿಯಲ್ಲಿ ಇಬ್ಬರದೂ ತಪ್ಪು. ಕೆಟ್ಟದ್ದು ಆಟವೂ ಅಲ್ಲ, ಹಳೆಯ ಯಂತ್ರವೂ ಅಲ್ಲ. ರೋಗ ತಿಳಿಯುವ ಮೊದಲೇ ಔಷಧ ಕೊಂಡದ್ದು ಕೆಟ್ಟಿತು.

ಈ ವಿಷಯದಲ್ಲಿ ನಾವು ದೂರ ಹೋಗಿ ಕಲಿಯಬೇಕಾದುದಿಲ್ಲ. ನಮ್ಮ ಮಿರಜಿನ ಸಿತಾರ, ತಂಬೂರಿಗಳ ಕೀರ್ತಿ ಎಲ್ಲರಿಗೂ ಗೊತ್ತು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೆಯ ಶತಮಾನದಲ್ಲಿ ಮೊದಲು ವಾದ್ಯಗಳ ದುರಸ್ತಿಗೆ ಕೈಹಾಕಿ, ಮುಂದೆ ತಾವೇ ವಾದ್ಯ ಮಾಡುವವರಾದರು. 2024ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹಳೆಯ ತಂಬೂರಿಯ ನಾದ ಮಂಕಾಯಿತೆಂದು ಒಯ್ದರೆ ಅವರು ಬುರುಡೆ ಬದಲಿಸಲು ಹೇಳುವುದಿಲ್ಲ. ಮೊದಲು ತಂತಿ ಮಿಡಿದು ಕೇಳುತ್ತಾರೆ. ಕುದುರೆಯ ಮೇಲೆ ತಂತಿ ಉಜ್ಜಿ ಗೆರೆ ಬಿದ್ದಿದ್ದರೆ ಅದನ್ನಷ್ಟೇ ತಿಕ್ಕಿ ಜವಾರಿ ತೆಗೆಯುತ್ತಾರೆ. ವಾದ್ಯ ಮತ್ತೆ ಮಾತಾಡುತ್ತದೆ. ಕಂಪ್ಯೂಟರಿಗೂ ಇದೇ ನ್ಯಾಯ.

ಹಾಗಾದರೆ ತಂತಿ ಮಿಡಿದು ಕೇಳುವುದು ಹೇಗೆ? ಆಟ ನಡೆದಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಪ್ರೊಸೆಸರು ನೂರಕ್ಕೆ ನೂರು ದುಡಿದು ಏದುಸಿರು ಬಿಡುತ್ತಿದ್ದರೆ ಎಂಥ ಗ್ರಾಫಿಕ್ಸ್ ಕಾರ್ಡು ಹಾಕಿದರೂ ಫಲ ಅಷ್ಟಕ್ಕಷ್ಟೇ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಅಲ್ಲಿ ಕೊರತೆ. ಗ್ರಾಫಿಕ್ಸ್ ಭಾಗ ಮಾತ್ರ ತುಂಬಿ ಪ್ರೊಸೆಸರು ಆರಾಮವಾಗಿದ್ದರೆ ಆಗ ಕಾರ್ಡಿನ ಮಾತು. ಎತ್ತಿನ ಜೋಡಿಯಲ್ಲಿ ಒಂದು ಮುದಿಯಾಗಿದ್ದರೆ ಇನ್ನೊಂದಕ್ಕೆಷ್ಟು ಹಿಂಡಿ ತಿನ್ನಿಸಿದರೇನು?

ಎರಡನೆಯದಾಗಿ, ಖರ್ಚಿಲ್ಲದ ಉಪಾಯ ಮೊದಲು. ಯಂತ್ರದ ಪ್ಲಗ್ಗು ಕಿತ್ತು, ಮುಚ್ಚಳ ತೆಗೆದು, ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಬೇಕು. ಧೂಳು ಕಟ್ಟಿದರೆ ಪ್ರೊಸೆಸರು ಕಾದು, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು; ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಆಮೇಲೆ ಚಿತ್ರದ ಅಳತೆ. 1920 x 1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ. 1280 x 720ರಲ್ಲಿ 9,21,600 ಮಾತ್ರ. ಅಳತೆ ಇಳಿಸಿದರೆ ಗ್ರಾಫಿಕ್ಸಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ಗಣಿತದ ಗುಣಾಕಾರ ಇಲ್ಲಿ ಎಷ್ಟು ಉಪಯೋಗಕ್ಕೆ ಬಂದಿತು ನೋಡಿರಿ!

ಮೂರನೆಯದು, ಅಲ್ಪ ಖರ್ಚಿನ ಕೆಲಸ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಸರಿದಾಡಿ ಮಾಹಿತಿ ಹುಡುಕಬೇಕು. ಎಸ್.ಎಸ್.ಡಿ.ಯಲ್ಲಿ ತಿರುಗುವುದೇನೂ ಇಲ್ಲ; ಆದುದರಿಂದ ಯಂತ್ರ ಬೇಗ ಏಳುತ್ತದೆ, ಆಟ ಬೇಗ ತೆರೆದುಕೊಳ್ಳುತ್ತದೆ. ಅದರಿಂದ ಚಿತ್ರದ ಓಟ ಹೆಚ್ಚಾಗದು, ಇದನ್ನೂ ತಿಳಿದಿರಬೇಕು. ಪ್ರತ್ಯೇಕ ಕಾರ್ಡಿಲ್ಲದ ಯಂತ್ರದಲ್ಲಿ ಗ್ರಾಫಿಕ್ಸಿಗೂ ಮುಖ್ಯ ಮೆಮೊರಿಯೇ ಆಧಾರ. ಅಲ್ಲಿ ಒಂದರ ಬದಲು ಎರಡು ಪಟ್ಟಿ ಹಾಕಿದರೆ ಆಟವೂ ಸುಧಾರಿಸುತ್ತದೆ. ಆದರೆ ಡಿ.ಡಿ.ಆರ್.-3ರ ಜಾಗದಲ್ಲಿ ಡಿ.ಡಿ.ಆರ್.-4 ಕೂಡ್ರುವುದಿಲ್ಲ, ಗುರುತು ನೋಡಿಯೇ ಕೊಳ್ಳಬೇಕು.

ಕಾರ್ಡಿನ ಸರದಿ ಕೊನೆಗೆ. ಮದರ್‌ಬೋರ್ಡಿನ ದೊಡ್ಡ ಸ್ಲಾಟಿನಿಂದ ಹೆಚ್ಚೆಂದರೆ 75 ವ್ಯಾಟ್ ವಿದ್ಯುತ್ತು ಸಿಗುತ್ತದೆ. ಅಷ್ಟರಲ್ಲೇ ನಡೆಯುವ ಜಿ.ಟಿ.ಎಕ್ಸ್. 1050 ಟಿ.ಐ.ಯಂಥ ಕಾರ್ಡುಗಳಿವೆ. ಅದಕ್ಕಿಂತ ದೊಡ್ಡದಕ್ಕೆ ಪ್ರತ್ಯೇಕ ತಂತಿ ಬೇಕು, ಬಲವಾದ ಪವರ್ ಸಪ್ಲೈ ಬೇಕು, ಡಬ್ಬಿಯಲ್ಲಿ ಸ್ಥಳವೂ ಬೇಕು. ಬಳಸಿದ ಸಾಮಾನನ್ನು ಕಣ್ಣೆದುರು ನಡೆಯಿಸಿ ನೋಡದೆ ಕೊಳ್ಳಬಾರದು. 2019ರಲ್ಲಿಯೂ 2021ರಲ್ಲಿಯೂ ಕೃಷ್ಣೆ ಸಾಂಗಲಿಯ ಅಂಗಡಿ ಮನೆಗಳನ್ನು ಹೊಕ್ಕವಳು. ನೀರು ಕುಡಿದ ಬೋರ್ಡು ತುಕ್ಕು ಹಿಡಿದಿದ್ದರೆ ಅಲ್ಲಿಂದಲೇ ಹಿಂದಿರುಗುವುದು ಲೇಸು.

ಎಲ್ಲಿ ನಿಲ್ಲಬೇಕೆಂಬುದನ್ನೂ ಅರಿಯಬೇಕು. ಬೋರ್ಡು, ಪ್ರೊಸೆಸರು, ಮೆಮೊರಿ ಮೂರನ್ನೂ ಬದಲಿಸುವ ಪ್ರಸಂಗ ಬಂದರೆ ಅದು ದುರಸ್ತಿಯಲ್ಲ, ಹೊಸ ಯಂತ್ರವೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಒಂದು ದಾರಿ. ಎಲ್ಲ ಆಟಗಳೂ ಅದರಲ್ಲಿ ನಡೆಯುವುದಿಲ್ಲ, ಓದಿಗೆ ಬೇಕಾದುದು ಬಹುಮಟ್ಟಿಗೆ ನಡೆಯುತ್ತದೆ.

"ಇಷ್ಟೆಲ್ಲ ಕಷ್ಟ ಆಟಕ್ಕಾಗಿಯೇ?" ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅದು ಯೋಗ್ಯವೇ ಆಯಿತು. ಅಂಥವು ಮನೆಯೊಳಗೆ ಬರಲೇಬಾರದು. ಆಟಕ್ಕೆ ಹೊತ್ತಿನ ಮಿತಿಯೂ ಬೇಕು. ಆದರೆ ಆಟದ ಆಸೆಯಿಂದ ಯಂತ್ರದ ಮುಚ್ಚಳ ತೆರೆದ ಹುಡುಗ ಅಥವಾ ಹುಡುಗಿ ವಿದ್ಯುತ್ತು, ಉಷ್ಣತೆ, ಲೆಕ್ಕಪತ್ರ ಎಲ್ಲವನ್ನೂ ಕೈಯಿಂದ ಮುಟ್ಟಿ ಕಲಿಯುತ್ತಾರೆ. ಆ ಆಸೆಯನ್ನು ಬೈದು ಕೊಲ್ಲುವುದಕ್ಕಿಂತ ದುಡಿಸಿಕೊಳ್ಳುವುದು ಜಾಣತನ. ಹಾಗೆಂದು ಕಂತಿನ ಮೇಲೆ ಸಾಲ ಮಾಡಿ ಹೊಸದು ಕೊಡಿಸುವುದೂ ಪ್ರೀತಿಯಲ್ಲ. ಆಟ ಬೇಸರವಾದ ಮೇಲೂ ಕಂತು ಬೇಸರಗೊಳ್ಳುವುದಿಲ್ಲ.

ನಮ್ಮ ಹುಡುಗನ ಕಥೆ ಮುಗಿಸುತ್ತೇನೆ. ಅವನ ಕಾರ್ಡು ತಕ್ಕ ಯಂತ್ರವಿದ್ದ ಬೇರೊಬ್ಬರಿಗೆ 5500 ರೂಪಾಯಿಗೆ ಹೋಯಿತು. 2500 ರೂಪಾಯಿಯಲ್ಲಿ ಸಣ್ಣ ಎಸ್.ಎಸ್.ಡಿ. ಮತ್ತು ಬಳಸಿದ ಮೆಮೊರಿಯ ಇನ್ನೊಂದು ಪಟ್ಟಿ ಬಂದವು. ತಂದೆ ಟಾರ್ಚು ಹಿಡಿದರು, ಮಗ ಸ್ಕ್ರೂ ಬಿಚ್ಚಿದನು. ಕ್ರಿಕೆಟ್ ಈಗ ಸರಾಗವಾಗಿ ನಡೆಯುತ್ತದೆ. ಹೊಸ ದೊಡ್ಡ ಆಟಗಳು ನಡೆಯುವುದಿಲ್ಲ. ನಡೆಯುವುದಿಲ್ಲವೆಂದು ಅವನು ಒಪ್ಪಿಕೊಂಡಿದ್ದಾನೆ. 3000 ರೂಪಾಯಿ ಉಳಿಯಿತು. 1500 ರೂಪಾಯಿ ಹೋಯಿತು. ಅದನ್ನು ನಾನು ನಷ್ಟವೆನ್ನದೆ ಫೀ ಎನ್ನುತ್ತೇನೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಏನಾದರೂ ಬೇಕೆನಿಸಿದಾಗ ಒಂದು ಹಾಳೆ ತೆಗೆದುಕೊಳ್ಳಿರಿ. ಕೊರತೆ ಏನು, ಕೈಯಲ್ಲಿರುವ ಹಣವೆಷ್ಟು, ಕೊಂಡ ವಸ್ತು ಹೊಂದುವುದೋ ಇಲ್ಲವೋ ಎಂಬ ಮೂರು ಉತ್ತರ ಬರೆದು ತಂದೆತಾಯಿಗಳ ಮುಂದೆ ಇಡಿರಿ. ಪಾಲಕರೇ, ಆ ಹಾಳೆಯನ್ನು ಓದದೆ "ಬ್ಯಾಡ" ಎನ್ನಬೇಡಿರಿ. ಓದಿದ ಮೇಲೆ ಹಾಗೆನ್ನಬಹುದು. ಆಗ ಮಕ್ಕಳೂ ಅದನ್ನು ಒಪ್ಪಿಯಾರು.